ಕಸಿ ಆಪರೇಷನ್ ಎಷ್ಟು ಗಂಟೆ ಹಿಡಿಯುತ್ತೆ?

ರಕ್ತದ ಕ್ಯಾನ್ಸರಿಗೆ ಸ್ಟೆಮ್ ಸೆಲ್ (ರಕ್ತವನ್ನು ಹುಟ್ಟಿಸುವ ಮೂಲ ಕೋಶ) ಕಸಿ ಮಾಡುವ ವಿಭಾಗದ ಲ್ಯಾಬಿನಲ್ಲಿ ನನ್ನ ಕೆಲಸ. ರೋಗಿಗಳ ಮನೆಯವರಿಂದ ಹಿಡಿದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರವರೆಗೆ ಎಲ್ಲರೂ ಕೇಳುವುದು ಇದನ್ನೇ: ‘ಆಪರೇಷನ್ ಎಷ್ಟು ಗಂಟೆ ಹಿಡಿಯುತ್ತೆ?’

ಆಪರೇಷನ್ನೇ ಇಲ್ಲ. ಈಗ ಹೆಚ್ಚಾಗಿ ನಡೆಯುವ ರೀತಿಯಲ್ಲಿ ದಾನಿಗೆ ನಾಲ್ಕೈದು ದಿನ, ಈ ಕೋಶಗಳನ್ನು ಹೆಚ್ಚಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಡುತ್ತಾರೆ. ಮೂಳೆ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿದು ಬರುತ್ತವೆ. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶಗಳು ಚೀಲಕ್ಕೆ ಸೇರಿ, ಉಳಿದದ್ದು ಇನ್ನೊಂದು ತೋಳಿಗೆ ವಾಪಸ್. ನಾಲ್ಕೈದು ಗಂಟೆಯ ಕೆಲಸ. ಆ ಚೀಲದ ಸ್ವಲ್ಪ ಸ್ಯಾಂಪಲ್ ನಮ್ಮ ಮೇಜಿಗೆ ಬರುತ್ತದೆ. ಸ್ಟೆಮ್ ಸೆಲ್ ಮೇಲಿರುವ ಸಿಡಿ34 ಎಂಬ ಗುರುತು ಹಿಡಿದು ಆ ಕೋಶಗಳನ್ನು ಎಣಿಸುತ್ತೇವೆ: ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ, ಅಂದರೆ 60 ಕಿಲೋ ಇರುವವರಿಗೆ 12 ಕೋಟಿ. ಸಾಲದಿದ್ದರೆ ದಾನಿ ಮರುದಿನ ಮತ್ತೆ ಯಂತ್ರದ ಪಕ್ಕ ಮಲಗಬೇಕು. ಸಾಕಷ್ಟಿದ್ದರೆ ಚೀಲ ವಾರ್ಡಿಗೆ ಹೋಗುತ್ತದೆ. ರಕ್ತ ಏರಿಸಿದ ಹಾಗೇ ರೋಗಿಗೆ ಏರಿಸುತ್ತಾರೆ. ಕೋಶಗಳು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಸೇರುತ್ತವೆ.

‘ಇಷ್ಟೇನಾ? ಮತ್ತೆ ತಿಂಗಳುಗಟ್ಟಲೆ ಆಸ್ಪತ್ರೆ ಯಾಕೆ?’

ಇದಕ್ಕೆ ಉತ್ತರ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರ ಕೆಲಸದಲ್ಲಿದೆ. 1957ರಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿ ಮಜ್ಜೆ ಏರಿಸಿಕೊಂಡ ಆರು ರೋಗಿಗಳಿದ್ದರು. ಯಾರೂ ಹೆಚ್ಚು ದಿನ ಬದುಕಲಿಲ್ಲ. ಉಳಿದ ಬಹಳಷ್ಟು ವೈದ್ಯರು ಈ ದಾರಿಯನ್ನೇ ಕೈಬಿಟ್ಟರು. ಥಾಮಸ್ ಬಿಡಲಿಲ್ಲ, ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಅಂಗಾಂಶ ಹೊಂದಿಸುವುದನ್ನು ಕಲಿತು ಮತ್ತೆ ಮನುಷ್ಯರಿಗೆ ಬಂದರು. 1977ರಲ್ಲಿ ಸಿಯಾಟಲ್‌ನ ಅವರ ತಂಡ ಬೇರಾವ ಚಿಕಿತ್ಸೆಗೂ ಬಗ್ಗದ 100 ಲ್ಯುಕೇಮಿಯ (ಒಂದು ಬಗೆಯ ರಕ್ತದ ಕ್ಯಾನ್ಸರ್) ರೋಗಿಗಳ ಲೆಕ್ಕ ಕೊಟ್ಟಿತು: 13 ಮಂದಿ ರೋಗವಿಲ್ಲದೆ ಬದುಕಿದ್ದರು. ಆ 13 ನನಗೆ ಥಾಮಸ್‌ಗೆ ಬಂದ 1990ರ ನೊಬೆಲ್‌ಗಿಂತ ದೊಡ್ಡದು. ಸಾವು ಖಚಿತ ಎಂದು ವೈದ್ಯರು ಕೈಚೆಲ್ಲಿದ್ದ ರೋಗಿಗಳು ಅವರು.

ಅದೇ ತಂಡ 1979ರಲ್ಲಿ ಇನ್ನೊಂದು ಸಂಗತಿ ಹೇಳಿತು. ಕಸಿಯಾದ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವುದುಂಟು; ಜಿವಿಎಚ್‌ಡಿ ಅಂತೀವಿ. ಅದು ಕಾಡಿದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆ. ತದ್ರೂಪಿ ಅವಳಿಯಿಂದ ಕೋಶ ಪಡೆದವರಲ್ಲಿ, ಹೊಂದಾಣಿಕೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೂ, ಮರುಕಳಿಸುವುದು ಹೆಚ್ಚು. ಅಂದರೆ ಕಸಿಗೆ ಮೊದಲು ಕೊಡುವ ಕೀಮೋ, ರೇಡಿಯೇಷನ್ ಮುಗಿಸಲಾಗದ ಕ್ಯಾನ್ಸರನ್ನು ದಾನಿಯ ಕೋಶಗಳು ಪರಕೀಯವೆಂದು ಹುಡುಕಿ ಕೊಲ್ಲುತ್ತವೆ. ನಾವು ಕಸಿ ಮಾಡುವುದು ಇನ್ನೊಬ್ಬರ ರೋಗನಿರೋಧಕ ಶಕ್ತಿಯನ್ನೇ. ಅದನ್ನು ತೀರಾ ಅದುಮಿದರೆ ಕ್ಯಾನ್ಸರ್ ಉಳಿದೀತು, ಸಡಿಲ ಬಿಟ್ಟರೆ ರೋಗಿಯನ್ನೇ ತಿಂದೀತು. ಆ ಹದ ಕಾಯುವುದಕ್ಕೇ ತಿಂಗಳುಗಳು ಬೇಕು. (ಮೈಲೋಮಾ ಎಂಬ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನವರಿಗೆ ಸಾಮಾನ್ಯವಾಗಿ ಅವರದೇ ಕೋಶ ತೆಗೆದಿಟ್ಟು ವಾಪಸ್ ಕೊಡುತ್ತಾರೆ, ಅಲ್ಲಿ ಈ ಜಗಳವಿಲ್ಲ.)

ಇನ್ನು ದಾನಿಯ ವಿಷಯ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಅಂಗಾಂಶವೂ ರೋಗಿಯದಕ್ಕೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂಗಿಯದು ಹೊಂದುತ್ತದೆ ಎಂದಾಗ ಎಷ್ಟೋ ಮನೆಗಳಲ್ಲಿ ದನಿ ತಗ್ಗುತ್ತದೆ: ‘ಮದುವೆಯಾಗಬೇಕಾದ ಹುಡುಗಿ, ಮುಂದೆ ಮಕ್ಕಳಾಗುತ್ತಾ?’ ಆಗುತ್ತೆ. ಕೋಶ ಕೊಟ್ಟಿದ್ದರಿಂದ ಬಂಜೆತನ ಬರುವುದಿಲ್ಲ. ಇಂಜೆಕ್ಷನ್ ದಿನಗಳಲ್ಲಿ ಮೂಳೆ ನೋವು, ತಲೆನೋವು ಇರುತ್ತೆ, ಅದು ಸುಳ್ಳಲ್ಲ. ಕೊಟ್ಟ ಕೋಶ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಯಾರೂ ಪೂರ್ತಿ ಹೊಂದದಿದ್ದರೆ ಈಗ ಅರ್ಧ ಹೊಂದುವ ಅಪ್ಪ, ಅಮ್ಮ, ಮಕ್ಕಳಿಂದಲೂ ಕಸಿ ಆಗುತ್ತದೆ.

ಹಾಗಾಗಿ ಗಂಟೆ ಲೆಕ್ಕ ಬಿಟ್ಟು ಬೇರೆ ಲೆಕ್ಕ ಹಾಕಿ. ಮೊದಲ 100 ದಿನ ಆಸ್ಪತ್ರೆಗೆ ಹತ್ತಿರದಲ್ಲೇ ಇರಬೇಕು. ಜೊತೆಗೆ ಯಾರಿರುತ್ತಾರೆ, ಅವರ ಸಂಬಳಕ್ಕೇನು ಮಾಡುವುದು, ಬಾಡಿಗೆಗೆ ಮನೆ ಎಲ್ಲಿ? ಆಮೇಲೂ ರೋಗನಿರೋಧಕ ಶಕ್ತಿಯನ್ನು ಅದುಮುವ ಮಾತ್ರೆಗಳನ್ನು ನಿಧಾನವಾಗಿ ಇಳಿಸುತ್ತಾರೆ, ಎಳವೆಯಲ್ಲಿ ಹಾಕಿಸಿದ ಲಸಿಕೆಗಳನ್ನು ಮತ್ತೆ ಮೊದಲಿನಿಂದ ಹಾಕಿಸಬೇಕಾಗುತ್ತದೆ.