ಮೇಲಕ್ಕೆ ಹೋಗುವ ಹೊಳೆ

ನಾನು ಶಿರಸಿ ಕಡೆಯವಳು. ನಮಗೆ ಹೊಳೆ ಅಂದರೆ ಕೆಳಕ್ಕೆ ಓಡೋದು, ಅಷ್ಟೇ. ಅಘನಾಶಿನಿಯ ಒಂದು ಕವಲು ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ, ಇನ್ನೊಂದು ಮಂಜುಗುಣಿ ಕಡೆಯಿಂದ ಬರುವ ಬಕುರಹೊಳೆ. ಎರಡೂ ಸೇರಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತವೆ. ಘಟ್ಟ ಇಳಿದ ಮೇಲೆ ಅದರ ಸುದ್ದಿ ನಮಗೆ ಬೇಡ. ಹೇಗೂ ಸಮುದ್ರ ಸೇರುತ್ತದೆ, ಅಲ್ವಾ?

ಜನವರಿಯಲ್ಲೊಮ್ಮೆ ಘಟ್ಟದ ಕೆಳಗೆ, ಇದೇ ಹೊಳೆಯ ದಂಡೆಯ ಮಿರ್ಜಾನ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಸಂಜೆ ಐದರ ಹೊತ್ತಿಗೆ ದಂಡೆಯಲ್ಲಿ ಸುಮ್ನೆ ನಿಂತಿದ್ದಾಗ ತೆಂಗಿನ ಸೋಗೆಯೊಂದು ತೇಲಿ ಬಂತು. ಘಟ್ಟದ ಕಡೆಗೆ ಹೋಗುತ್ತಿತ್ತು! ನಮ್ಮೂರ ಹೊಳೆ ವಾಪಸ್ ಮನೆಗೆ ಹೊರಟ ಹಾಗೆ. ಬಾಯಿಗೆ ಒಂದು ಹನಿ ಹಾಕಿಕೊಂಡೆ. ಉಪ್ಪು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ತಮ್ಮ ದೋಣಿಯಲ್ಲಿ ಕರೆದುಕೊಂಡು ಹೋದರು. ಇಳಿತದ ಜೊತೆಗೇ ಕೆಳಗೆ ಹೋದೆವು. ಹೊಳೆ ಅಗಲವಾಗುತ್ತಾ ಹೋಯಿತು, ನಡುನಡುವೆ ಕುರ್ವೆಗಳು ಅಂದರೆ ಪುಟ್ಟ ನಡುಗಡ್ಡೆಗಳು, ದಂಡೆಯಲ್ಲಿ ಗಜನಿ ಗದ್ದೆಗಳ ಕಟ್ಟೆ. ಆ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು.

ಒಂದು ದಿಬ್ಬದ ಹತ್ತಿರ ಹೆಂಗಸರು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆರಿಸುತ್ತಿದ್ದರು. ಸೊಂಟದವರೆಗೆ ನೀರು, ಪಕ್ಕದಲ್ಲಿ ತೇಲುವ ಪಾತ್ರೆ. ಮೊದಲು ಕಾಲಲ್ಲಿ ತಡಕುತ್ತಾರೆ, ಸಿಕ್ಕಿತು ಅಂದಾಗ ಬಗ್ಗಿ ಕೈಹಾಕುತ್ತಾರೆ. ಒಬ್ಬರು ನನ್ನ ಅಂಗೈಗೆ ಒಂದು ಹಾಕಿದರು. ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿತ್ತು, ಸಂದಿಯಿಂದ ಚಿಮ್ಮಿದ ನೀರು ನನ್ನ ಕನ್ನಡಕಕ್ಕೇ ಬಂತು.

"ಹೊರಡೋಣ ತಂಗಿ, ಆಮೇಲೆ ನೀರಿರೋದಿಲ್ಲ" ಅಂದರು ದೋಣಿಯವರು.

"ಇನ್ನೂ ಇದೆಯಲ್ಲ, ಹತ್ತು ನಿಮಿಷ" ಅಂದೆ. ತಪ್ಪು ನನ್ನದೇ. ಹನ್ನೊಂದಕ್ಕೆ ಹೊರಟಾಗ ದೋಣಿ ಅಲ್ಲೇ ಮರಳಿನ ಮೇಲೆ ಕೂತಿತು. ಇಬ್ಬರೂ ಇಳಿದು ದಬ್ಬಿದೆವು, ಕದಲಲಿಲ್ಲ. ಅವರಿಗೆ ಸಿಟ್ಟೂ ಬರಲಿಲ್ಲ. "ಅಡ್ಡಿಲ್ಲ. ಒಂದರವರೆಗೆ ಇಳಿತ, ಮತ್ತೆ ಎರಡು ತಾಸು ಭರತ ಬರಬೇಕು" ಅಂದು ಬೀಡಿ ಹಚ್ಚಿದರು. ಭರತ ದಿನಾ ಮುಕ್ಕಾಲು ತಾಸಿನಷ್ಟು ತಡವಾಗುತ್ತದಂತೆ. ಅವರ ತಲೆಯಲ್ಲಿ ಆ ಲೆಕ್ಕ ಗಡಿಯಾರಕ್ಕಿಂತ ಸರಿಯಾಗಿತ್ತು.

ನಾಲ್ಕು ತಾಸು. ಬಿಸಿಲು. ಶರಾವತಿಯ ಹಾಗೆ ಈ ಹೊಳೆಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ, ಅದಕ್ಕೇ ಘಟ್ಟದ ಸಿಹಿನೀರು ಇಲ್ಲಿಯವರೆಗೂ ತಾನಾಗಿ ಬಂದು ಉಪ್ಪಿನ ಜೊತೆ ಬೆರೆಯುತ್ತದೆ. ಬಳಚಿಗೆ ಆ ಬೆರಕೆ ನೀರೇ ಬೇಕು ಅಂತ ಅವರು ಹೇಳಿದರು. 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದನ್ನು ಪೇಪರಿನಲ್ಲಿ ಓದಿದ್ದೆ. ಓದಿ, ಪುಟ ತಿರುಗಿಸಿದ್ದೆ.

ಭರತ ಬಂದದ್ದು ಅಲೆಯಾಗಿ ಅಲ್ಲ. ಮರಳಲ್ಲಿದ್ದ ನಮ್ಮ ಹೆಜ್ಜೆಗುರುತುಗಳು ಒಂದೊಂದಾಗಿ ತುಂಬಿದವು. ಆಮೇಲೆ ದೋಣಿ ಮೆಲ್ಲಗೆ ಒಮ್ಮೆ ಅಲುಗಿತು.

ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ಬೈಗುಳ ಕಾದಿದೆ ಅಂದುಕೊಂಡೇ ಒಳಗೆ ಹೋದೆ. ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು.

"ಹನ್ನೊಂದಾದರೂ ಬರಲಿಲ್ವಲ್ಲ, ಇನ್ನು ಭರತಕ್ಕೇ ಬರೋದು ಅಂತ ಈಗಷ್ಟೇ ಅಕ್ಕಿ ಹಾಕಿದೆ" ಅಂದರು ಚಿಕ್ಕಮ್ಮ.