ಅತ್ತೆ-ಮಾವ, ಇಬ್ಬರು ಮಕ್ಕಳು, ಒಂದು ಮಿನಿವ್ಯಾನ್: ನ್ಯೂಜೆರ್ಸಿಯಿಂದ ನಯಾಗರಕ್ಕೆ

ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರು ಅಂದರೆ ನಯಾಗರ ಆಗಲೇಬೇಕು. ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಮೂರನೇ ವಾರದ ಹೊತ್ತಿಗೆ ಆ ಮಾತು ತಾನಾಗಿಯೇ ಬರುತ್ತದೆ. ನಮ್ಮಲ್ಲೂ ಬಂತು. ಎಡಿಸನ್‌ನಿಂದ ಸುಮಾರು 400 ಮೈಲಿ. ಹೋಟೆಲ್ ಎಲ್ಲಿ ಮಾಡಿದ್ರಿ, ಬೋಟ್ ಟಿಕೆಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ವ್ಯಾನಿನಲ್ಲಿ ಯಾರು ಎಲ್ಲಿ ಕೂತಿದ್ರಿ ಅಂತ ಯಾರೂ ಕೇಳುವುದಿಲ್ಲ. ನಾನೂ ಯಾರನ್ನೂ ಕೇಳದೆ ಹೊರಟೆ. ಮೊದಲ ಒಂದೂವರೆ ಗಂಟೆ ಅದಕ್ಕೇ ದಂಡ ಕಟ್ಟಿದೆ.

ನಮ್ಮದು ಏಳು ಸೀಟಿನ ಹಳೇ ಸಿಯೆನಾ. ಮಧ್ಯದ ಸಾಲಿನಲ್ಲಿ ಬಿಡಿಬಿಡಿಯಾಗಿ ಎರಡು ಸೀಟು, ಹಿಂದೆ ಮೂರು ಜನರ ಬೆಂಚು. ಜೂನ್ ಕೊನೆಯ ಶುಕ್ರವಾರ, ಬೆಳಗ್ಗೆ ಐದೂವರೆ. ಓಡಿಸುವುದು ನಾನು, ಪಕ್ಕದಲ್ಲಿ ನಮ್ಮವರು. ಮಧ್ಯದಲ್ಲಿ ಅತ್ತೆ-ಮಾವ. ಹಿಂದೆ ಏಳು ವರ್ಷದ ಮಗಳು, ಮೂರು ವರ್ಷದ ಮಗ. ನೋಡಿದರೆ ಸರಿಯಾಗಿಯೇ ಇದೆ ಅಲ್ವಾ? ದೊಡ್ಡವರು ಮುಂದೆ, ಚಿಕ್ಕವರು ಹಿಂದೆ.

ಮಗ ನೀರಿನ ಬಾಟಲಿ ಬೀಳಿಸಿದ. ಅತ್ತೆ ತಿರುಗಿ ಕೈ ಚಾಚಿದರು, ಎಟುಕಲಿಲ್ಲ. ಅವನು ಅಳು ಶುರು ಮಾಡಿದ. ಮಾವ ಬೆಲ್ಟ್ ಬಿಚ್ಚಿ ಏಳಲು ಹೋದರು, ನಾನು ಕನ್ನಡಿಯಲ್ಲೇ ಕಣ್ಣು ಬಿಟ್ಟೆ. ಡೆಲವೇರ್ ನದಿ ದಾಟಿ ಪೋಕೊನೋ ಗುಡ್ಡಗಳ ಏರಿಳಿತ ಶುರುವಾಯಿತು. ಹಿಂದೆ ಕೂತು ಟ್ಯಾಬ್ಲೆಟ್ ನೋಡುತ್ತಿದ್ದ ಮಗಳು "ಅಮ್ಮಾ, ಹೊಟ್ಟೆ ಒಂಥರಾ ಆಗ್ತಿದೆ" ಅಂದಳು. ಮುಂದಿನದು ಹೇಳುವುದು ಬೇಡ. ದೋಸೆ ತಿನ್ನಿಸಿ ಕರೆದುಕೊಂಡು ಬಂದಿದ್ದೆ.

ಅಲ್ಲೇ ನಿಲ್ಲಿಸಿ ಸೀಟು ಬದಲಾಯಿಸಿದೆವು. ಮಾವ ಮುಂದೆ ಬಂದರು. ಅವರಿಗೂ ದಾರಿ ನೋಡುವ ಆಸೆ ಇತ್ತಂತೆ, ಬಾಯಿ ಬಿಟ್ಟು ಹೇಳಿರಲಿಲ್ಲ. ಮಧ್ಯದಲ್ಲಿ ಅತ್ತೆ ಮತ್ತು ಮಗಳು. ಹಿಂದಿನ ಬೆಂಚಿನಲ್ಲಿ ಮಗ, ಅವನ ಪಕ್ಕ ಆರಡಿ ಎತ್ತರದ ನನ್ನ ಗಂಡ. ಅತ್ತೆಗೆ ಕಸಿವಿಸಿ. "ಅವನ್ಯಾಕಮ್ಮ ಹಿಂದೆ? ಕಾಲು ನೋಯಲ್ವಾ?" ಅಂದರು. ನಾನು ಸುಮ್ಮನೆ ಗೇರ್ ಹಾಕಿದೆ. ಆಮೇಲೆ ಮೂರು ದಿನ ಈ ಜೋಡಣೆ ಬದಲಾಗಲಿಲ್ಲ. ಬಾಟಲಿ ಬಿದ್ದರೆ ಎತ್ತಿಕೊಡಲು ಆಳು ಪಕ್ಕದಲ್ಲೇ ಇದ್ದ.

ಹೊರಡುವವರಿಗೆ ನನ್ನ ಮೊದಲ ಮಾತು ಇದೇ. ಐದು ಪಟ್ಟಿಯ ಕಾರ್ ಸೀಟ್ ಎಲ್ಲಿ ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಅದನ್ನು ದಾರಿಯಲ್ಲಿ ಕಿತ್ತು ಕಟ್ಟುವುದು ಶತ್ರುವಿಗೂ ಬೇಡ. ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಆದರೆ ಎರಡು ನಿಮಿಷದ ಕೆಲಸ. ಹಿಂದಿನ ಬೆಂಚಿನ ಎಲ್ಲ ಜಾಗದಲ್ಲೂ ಕಾರ್ ಸೀಟಿನ ಕೊಕ್ಕೆ ಇರುವುದಿಲ್ಲ, ವ್ಯಾನಿನ ಪುಸ್ತಕ ತೆಗೆದು ನೋಡಿ. ವಾಂತಿಯ ಮಕ್ಕಳು ಮಧ್ಯದಲ್ಲೇ ಇರಲಿ, ಟ್ಯಾಬ್ಲೆಟ್ ಬ್ಯಾಗಿನಲ್ಲಿರಲಿ. ಮಂಡಿನೋವು ಇರುವವರಿಗೆ ಬಲಗಡೆಯ ಮಧ್ಯದ ಸೀಟು, ಯಾಕಂದರೆ ಇಲ್ಲಿ ಫುಟ್‌ಪಾತ್ ಬಲಗಡೆಗೇ ಬರುತ್ತದೆ. ಗೆಳತಿಯ ದೊಡ್ಡ ಎಸ್‌ಯುವಿ ಹತ್ತಲು ಅತ್ತೆಗೆ ಸ್ಟೂಲ್ ಬೇಕಾಗಿತ್ತು. ಮಿನಿವ್ಯಾನಿನ ನೆಲ ತಗ್ಗು. ಮೊದಲು ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಂಡರೆ ಮುಗಿಯಿತು.

ಜಾರು ಬಾಗಿಲಿನ ಬಗ್ಗೆ ಒಂದು ಎಚ್ಚರ. ಅದು ಸಾಮಾನ್ಯವಾಗಿ ಏನಾದರೂ ಅಡ್ಡ ಸಿಕ್ಕಿದರೆ ನಿಂತು ಹಿಂದೆ ಹೋಗುತ್ತದೆ, ಆದರೆ ಸೀರೆಯ ತೆಳು ಸೆರಗು ಅದಕ್ಕೆ ಗೊತ್ತಾಗುವುದಿಲ್ಲ. ಒಮ್ಮೆ ಸಿಕ್ಕಿಕೊಂಡಿತು. ಆಮೇಲೆ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಹತ್ತುತ್ತಿದ್ದರು. ಪುಟ್ಟ ಮಕ್ಕಳಿದ್ದರೆ ಚೈಲ್ಡ್ ಲಾಕ್ ಹಾಕಿಡಿ.

ಬೆಲ್ಟ್ ವಿಷಯದಲ್ಲಿ ಮುಲಾಜು ಬೇಡ. ನ್ಯೂಯಾರ್ಕ್ ರಾಜ್ಯದಲ್ಲಿ 8 ವರ್ಷ ತುಂಬುವವರೆಗೆ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ. 2020ರ ನವೆಂಬರ್‌ನಿಂದ ಹಿಂದೆ ಕೂರುವ ದೊಡ್ಡವರಿಗೂ ಬೆಲ್ಟ್ ಕಡ್ಡಾಯ. "ಮಗುನ ತೊಡೆ ಮೇಲೆ ಕೂರಿಸ್ಕೋತೀನಿ ಕೊಡಮ್ಮ" ಅನ್ನುವ ಮಾತು ಬಂದೇ ಬರುತ್ತದೆ. ಮೊದಲೇ ಹೇಳಿಬಿಟ್ಟರೆ ದಾರಿಯಲ್ಲಿ ಮುಖ ಊದುವುದಿಲ್ಲ.

ದಾರಿ ಸುಲಭ. ಐ-80, ಐ-380, ಸ್ಕ್ರಾಂಟನ್ ಹತ್ತಿರ ಐ-81, ಬಿಂಗ್‌ಹ್ಯಾಮ್ಟನ್‌ನಿಂದ ಪಶ್ಚಿಮಕ್ಕೆ ತಿರುಗಿದರೆ ಕಾರ್ನಿಂಗ್. ನ್ಯೂಜೆರ್ಸಿಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಅಲ್ಲಿ ನಾವೇ ಗ್ಯಾಸ್, ಅಂದರೆ ಪೆಟ್ರೋಲ್, ಹಾಕಿಕೊಳ್ಳುವ ಹಾಗಿಲ್ಲ, ಬಂಕಿನವರೇ ಬಂದು ಹಾಕುತ್ತಾರೆ. ಮಗ ನಿದ್ದೆ ಮಾಡುತ್ತಿರುವಾಗ ಇದೇ ದೊಡ್ಡ ಸುಖ. ಈ ದಾರಿಯ ಟೋಲ್‌ಗಳಲ್ಲಿ ನಗದು ಕೊಡುವ ಕಾಲ ಹೋಯಿತು. ಬಾಡಿಗೆ ವ್ಯಾನಾದರೆ ಟೋಲ್‌ಗೆ ಏನು ಮಾಡುತ್ತೀರಿ, ಮೇಲೆ ಎಷ್ಟು ಹಾಕುತ್ತೀರಿ ಅಂತ ಕೀ ತೆಗೆದುಕೊಳ್ಳುವಾಗಲೇ ಕೇಳಿ.

ಒಂದೇ ದಿನಕ್ಕೆ ನಯಾಗರ ಮುಟ್ಟಬಹುದು, ಏಳು ಗಂಟೆ ಸಾಕು. ಆದರೆ ಅದು ಇಬ್ಬರೇ ಹೋಗುವಾಗಿನ ಲೆಕ್ಕ. ನಮ್ಮ ಗುಂಪಿಗೆ ಗಂಟೆಗೊಮ್ಮೆ ರೆಸ್ಟ್ ಏರಿಯಾ ಬೇಕು. ಹಾಗಾಗಿ ಮಧ್ಯೆ ಒಂದು ರಾತ್ರಿ ನಿಲ್ಲುವುದೇ ವಾಸಿ. ಕಾರ್ನಿಂಗ್‌ನ ಗಾಜಿನ ಮ್ಯೂಸಿಯಂನಲ್ಲಿ 17 ವರ್ಷದವರೆಗಿನವರಿಗೆ ಟಿಕೆಟ್ ಇಲ್ಲ. ಕುಲುಮೆಯಿಂದ ಕೆಂಡದಂಥ ಗಾಜಿನ ಉಂಡೆ ತೆಗೆದು, ಊದಿ ಹೂಜಿ ಮಾಡುವುದನ್ನು ಕೂತು ನೋಡಬಹುದು. ಮಗ ಕೂಡ ಹದಿನೈದು ನಿಮಿಷ ಮಿಸುಕಲಿಲ್ಲ. ಊಟ ಮ್ಯೂಸಿಯಂ ಪಾರ್ಕಿಂಗ್‌ನಲ್ಲೇ ಆಯಿತು. ಪುಳಿಯೋಗರೆ, ಐಸ್ ಬಾಕ್ಸಿನಲ್ಲಿಟ್ಟ ಮೊಸರನ್ನ, ಉಪ್ಪಿನಕಾಯಿ. ಅಷ್ಟರಲ್ಲಿ ಮಳೆ ಬಂತು. ಎತ್ತಿದ ಹಿಂಬಾಗಿಲೇ ಚಾವಣಿ. ಅತ್ತೆ ಸೂಟ್‌ಕೇಸ್ ಪಕ್ಕಕ್ಕೆ ಸರಿಸಿ, ಅಂಚಿನಲ್ಲಿ ಕೂತು, ಮನೆಯ ಜಗಲಿಯ ಮೇಲೆ ಬಡಿಸಿದ ಹಾಗೆ ಬಡಿಸಿದರು.

ಲಗೇಜಿನ ಮಾತೂ ಹೇಳಿಬಿಡುತ್ತೇನೆ. ಮೂರನೇ ಸಾಲಿನ ಸೀಟು ಕೂರಲು ಎತ್ತಿ ನಿಲ್ಲಿಸಿದ ಮೇಲೂ ಮಿನಿವ್ಯಾನಿನ ಹಿಂದೆ ಆಳವಾದ ಗುಂಡಿಯಂಥ ಜಾಗ ಉಳಿಯುತ್ತದೆ. ಸೂಟ್‌ಕೇಸ್‌ಗಳನ್ನು ನಿಲ್ಲಿಸಿ ಇಡಬಹುದು. ಊಟದ ಚೀಲ ಕೊನೆಗೆ ಇಡಿ, ಮೊದಲು ಬೇಕಾಗುವುದು ಅದೇ.

ಮರುದಿನ ಬೆಳಗ್ಗೆ ವಾಟ್ಕಿನ್ಸ್ ಗ್ಲೆನ್. ಕಮರಿಯೊಳಗಿನ ಕಾಲುದಾರಿಯಲ್ಲಿ 19 ಜಲಪಾತ, 832 ಕಲ್ಲು ಮೆಟ್ಟಿಲು. ಸ್ಟ್ರಾಲರ್ ನಡೆಯುವುದಿಲ್ಲ. ನಾವು ಮಾಡಿದ ಉಪಾಯ ಇದು: ಗಂಡ-ಮಕ್ಕಳನ್ನು ಮೇಲಿನ ಗೇಟಿನಲ್ಲಿ ಇಳಿಸಿದೆ, ಅವರು ನಡೆದು ಕೆಳಗೆ ಬಂದರು. ನಾನು ಅತ್ತೆ-ಮಾವನನ್ನು ಸೆನೆಕಾ ಸರೋವರದ ದಂಡೆಗೆ ಕರೆದುಕೊಂಡು ಹೋದೆ. ಫ್ಲಾಸ್ಕಿನ ಕಾಫಿ, ತಣ್ಣನೆಯ ಗಾಳಿ. ಕಮರಿಯಲ್ಲಿ ಇಳಿಯುವ ಕಲ್ಲು ಸದಾ ಒದ್ದೆ, ಚಪ್ಪಲಿ ಬೇಡ. ಚಳಿಗಾಲದಲ್ಲಿ ಈ ದಾರಿ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ.

ಅಲ್ಲಿಂದ ನಯಾಗರಕ್ಕೆ ಎರಡೂವರೆಯಿಂದ ಮೂರು ಗಂಟೆ. ಈ ದಾರಿಯಲ್ಲೇ ಅತ್ತೆಯ ಸೀಟಿನ ಪ್ರಸಂಗ ಆಗಿದ್ದು. ಹಿಂದೆ ಕೂತವರಿಗೆ ಜಾಗ ಆಗಲಿ ಅಂತ ಬೆಳಗ್ಗೆ ಅವರ ಸೀಟು ಮುಂದಕ್ಕೆ ಎಳೆದಿದ್ದೆವು. ಆಮೇಲೆ ಅವರು ಕಾಲು ಚಾಚಲು ಹಿಂದಕ್ಕೆ ತಳ್ಳಿದರೆ ಹೋಗಲೊಲ್ಲದು. ನಲವತ್ತು ಮೈಲಿ "ಇರ್ಲಿ ಬಿಡಮ್ಮ" ಅಂತ ಮಂಡಿ ಮಡಚಿಕೊಂಡೇ ಕೂತಿದ್ದರು. ನಿಲ್ಲಿಸಿ ಟಾರ್ಚ್ ಹಾಕಿ ನೋಡಿದೆ. ಸೀಟಿನ ಕಂಬಿಯ ತುಂಬ ಒಗ್ಗರಣೆ ಮಂಡಕ್ಕಿ! ಅರಿಶಿನ ಬಣ್ಣದ ಕಾಳುಗಳ ಸಾಲು, ನಡುವೆ ಎರಡು ಕಡಲೆಬೀಜ, ಕರಿಬೇವಿನ ಒಂದು ಎಸಳು. ಚಾಪ್‌ಸ್ಟಿಕ್‌ನಿಂದ ಕೆದಕಿ ತೆಗೆಯಬೇಕಾಯಿತು. ದಾರಿಗೆ ಕೋಡುಬಳೆ, ಚಕ್ಕುಲಿ ತನ್ನಿ. ಮಂಡಕ್ಕಿ ಬೇಡವೇ ಬೇಡ.

ನಯಾಗರ ಊರಿಗೆ ಬಂದ ಮೇಲೆ ಜಿಪಿಎಸ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಒಂದು ಲೇನ್ ತಪ್ಪಿದರೆ ರೇನ್‌ಬೋ ಸೇತುವೆ, ಅದರಾಚೆ ಕೆನಡಾ. ಅಮೆರಿಕದ ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರಿಗೆ ಕೆನಡಾದ ವೀಸಾ ಬೇರೆಯೇ ಬೇಕು. ನಾನು ಆ ಲೇನಿಗೆ ಹೋಗಿಯೇಬಿಟ್ಟಿದ್ದೆ. ಮಾವ ಬೋರ್ಡ್ ಓದಿ "ಸೇತುವೆ ಅಂತಿದೆಯಲ್ಲಮ್ಮ" ಅನ್ನದಿದ್ದರೆ ಗಡಿಯಲ್ಲಿ ಪಾಸ್‌ಪೋರ್ಟ್ ಹುಡುಕುತ್ತಾ ನಿಲ್ಲಬೇಕಿತ್ತು.

ಅಮೆರಿಕದ ಕಡೆಯಿಂದ ಜಲಪಾತ ನೋಡುವ ಜಾಗವಾದ 1885ರ ನಯಾಗರ ಸ್ಟೇಟ್ ಪಾರ್ಕ್‌ಗೆ ಪ್ರವೇಶ ಶುಲ್ಕ ಇಲ್ಲ, ಪಾರ್ಕಿಂಗ್‌ಗೆ ಮಾತ್ರ ಹಣ. ಹಿರಿಯರಿದ್ದರೆ ವ್ಯಾನನ್ನು ಗೋಟ್ ಐಲ್ಯಾಂಡ್ ಒಳಗೇ ತೆಗೆದುಕೊಂಡು ಹೋಗಿ. ಕುದುರೆ ಲಾಳದ ಜಲಪಾತದ ಅಂಚು ಅಲ್ಲಿಂದ ಹತ್ತಿರ. ಮೇಡ್ ಆಫ್ ದ ಮಿಸ್ಟ್ ದೋಣಿಗೆ ಲಿಫ್ಟ್‌ನಲ್ಲಿ ಇಳಿಯಬಹುದು, ಅತ್ತೆ ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ಆರಾಮಾಗಿ ಬಂದರು. ಜಲಪಾತದ ಬುಡಕ್ಕೆ ಹೋಗುವ ಕೇವ್ ಆಫ್ ದ ವಿಂಡ್ಸ್ ಮೆಟ್ಟಿಲಿನ ವ್ಯವಹಾರ, ಅದನ್ನು ಮಗಳು ಮತ್ತು ಅವರಪ್ಪನಿಗೆ ಬಿಟ್ಟೆ.

ಮಾವ ಸಾಗರದವರು. ಮೊದಲು ನೋಡಿ "ಎತ್ತರದಲ್ಲಿ ನಮ್ಮ ಜೋಗದ ಮುಂದೆ ಏನೂ ಅಲ್ಲ" ಅಂದರು. ನಿಜವೇ, ಜೋಗ 253 ಮೀಟರ್, ಇದು ಐವತ್ತರ ಆಸುಪಾಸು. ಆಮೇಲೆ ಅಂಚಿನಲ್ಲಿ ನಿಂತು ಹಸಿರು ನೀರು ಮಡಚಿಕೊಂಡು ಬೀಳುವುದನ್ನು ಬಹಳ ಹೊತ್ತು ನೋಡಿದರು. ಇಲ್ಲೂ ಕರೆಂಟಿಗೆ ನೀರು ತಿರುಗಿಸುತ್ತಾರೆ, 1950ರ ಒಪ್ಪಂದದಂತೆ ಪ್ರವಾಸಿಗರ ಕಾಲದಲ್ಲಿ ಹಗಲು ಕನಿಷ್ಠ 1 ಲಕ್ಷ ಕ್ಯುಸೆಕ್ ಬಿಡಲೇಬೇಕು ಅಂದೆ. "ಒಂದು ಲಕ್ಷವಾ? ದಿನಾನಾ?" ಅಂದವರು ಮತ್ತೆ ಜೋಗದ ಮಾತೆತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊರಟೆವು. ಇನ್ನೂ ಬೇಗ ಹೊರಡಬೇಕಿತ್ತು. ಕತ್ತಲಾದ ಮೇಲೆ ಆ ಗುಡ್ಡದ ದಾರಿಗಳಲ್ಲಿ ಜಿಂಕೆ ಕಾಟ ಇದೆ. ಹಿಂದೆ ನಾಲ್ವರೂ ನಿದ್ದೆ, ನಮ್ಮವರ ಗೊರಕೆ ಮುಂದಿನವರೆಗೂ ಕೇಳುತ್ತಿತ್ತು. ಮಾವ ಮಾತ್ರ ಕಣ್ಣು ಮುಚ್ಚದೆ ರಸ್ತೆಯ ಅಂಚು ನೋಡುತ್ತಾ ಕೂತಿದ್ದರು. ಎರಡು ಸಲ "ಜಿಂಕೆ" ಅಂದರು. ಒಂದು ಸಲ ನಿಜವಾಗಿಯೂ ಜಿಂಕೆಯೇ ಇತ್ತು.