ಎಷ್ಟು ಬರೀಲಿ ಸರ್?

ಸೋಮವಾರದ ಮೀಟಿಂಗಿನ ಒಂದು ಮಾತು ಇನ್ನೂ ತಲೆಯಲ್ಲೇ ಓಡುತ್ತಿದೆ. "ಹಾಗಾದ್ರೆ ಎಷ್ಟು ಬರೀಲಿ ಸರ್?"

ಕೇಳಿದವಳು ಬಾಗೇಪಲ್ಲಿ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುವ ನಮ್ಮ ಕಾರ್ಯಕರ್ತೆ. ತೆಲುಗು, ಕನ್ನಡ ಎರಡರಲ್ಲೂ ಬಾಯಿ ಜೋರು. ಅಲ್ಲಿ ನಮ್ಮ ಟ್ರಸ್ಟ್ ಒಂದು ಕಂಪನಿ ಕೊಟ್ಟ ದುಡ್ಡಿನಲ್ಲಿ ಮನೆಮನೆಗೆ ಮಳೆನೀರಿನ ತೊಟ್ಟಿ ಕಟ್ಟಿಸಿದೆ. ಬೋರ್‌ವೆಲ್ ನೀರಿನ ಕಥೆ ಈ ಕಡೆಯವರಿಗೆ ಹೊಸದಲ್ಲ. ಅದರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು, ಕುದಿಸಿದರೂ ಅದು ಹೋಗುವುದಿಲ್ಲ.

ಅವಳು ತಂದ ಲೆಕ್ಕ ಇಷ್ಟು: 40 ತೊಟ್ಟಿಗಳಲ್ಲಿ ಕುಡಿಯಲು ಬಳಸುತ್ತಿರುವುದು 22. ಉಳಿದ ಮನೆಗಳಲ್ಲಿ ಆ ನೀರು ಬಟ್ಟೆಗೆ, ದನಕ್ಕೆ. ಯಾಕೆ ಅಂತಲೂ ವಿಚಾರಿಸಿಕೊಂಡು ಬಂದಿದ್ದಳು. ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಪೈಪನ್ನೇ ಕೆಲವು ಕಡೆ ಹಾಕಿಲ್ಲ. ಮಾಳಿಗೆ ಮೇಲಿನ ಕಸ, ಹಕ್ಕಿ ಹಿಕ್ಕೆ ಎಲ್ಲ ನೇರ ತೊಟ್ಟಿಗೆ. ಯಾರು ಕುಡೀತಾರೆ ಹೇಳಿ? ನಾವು ಆ ವಾರ ಮಾಡಬೇಕಿದ್ದ ಕೆಲಸ ಅವಳ ನೋಟ್‌ಬುಕ್ಕಿನಲ್ಲೇ ಇತ್ತು.

ನಮ್ಮ ಡೈರೆಕ್ಟರ್ ಹಾಳೆ ನೋಡಿ, "ಇದನ್ನ ಕಂಪನಿಯವರಿಗೆ ಕೊಡೋಕಾಗುತ್ತಾ?" ಎಂದರು. ಅವಳು ಪೆನ್ನು ಹಿಡಿದುಕೊಂಡೇ ಕೇಳಿದಳು, "ಹಾಗಾದ್ರೆ ಎಷ್ಟು ಬರೀಲಿ ಸರ್?" ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಅಂಗಡಿಯವನು ಎಷ್ಟು ಕಟ್ಟಲಿ ಅಂತ ಕೇಳುವ ಹಾಗೆ. ನನ್ನನ್ನು ಅಲ್ಲಾಡಿಸಿದ್ದು ಅದೇ. ವ್ಯಂಗ್ಯ ಇದ್ದಿದ್ದರೆ ಸಮಾಧಾನ ಆಗುತ್ತಿತ್ತು.

ಡೈರೆಕ್ಟರ್ ಕೆಟ್ಟವರಲ್ಲ. ಸೈಕಲ್ ತುಳಿದುಕೊಂಡು ಊರೂರು ಸುತ್ತಿದವರು, ಈಗಲೂ ಅವರ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಹೊಗಳಿಸಿಕೊಳ್ಳುವುದು ಸ್ವಲ್ಪ ಜಾಸ್ತಿ ಇಷ್ಟ. ಒತ್ತಡವೂ ಇದೆ ಅನ್ನಿ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ 2 ಪರ್ಸೆಂಟ್ ಇಂಥ ಕೆಲಸಕ್ಕೆ ಕೊಡಬೇಕು. ನಮಗೆ ಸಿಗುವುದು ವರ್ಷದ ಲೆಕ್ಕದಲ್ಲಿ. ತೊಟ್ಟಿ ಕಟ್ಟೋಕೆ ದುಡ್ಡಿದೆ, ಕಟ್ಟಿದ್ದನ್ನು ನೋಡಿಕೊಳ್ಳೋಕೆ ಇಲ್ಲ. ವಿದೇಶಿ ದೇಣಿಗೆಯಲ್ಲೂ ಆಡಳಿತ ಖರ್ಚಿನ ಮಿತಿಯನ್ನು 2020ರಲ್ಲಿ 50ರಿಂದ 20 ಪರ್ಸೆಂಟಿಗೆ ಇಳಿಸಿದರು. ಕೆಳಗಿನವರ ನೌಕರಿ ಎಲ್ಲ ಮಾರ್ಚ್‌ಗೆ ಮುಗಿಯುವ ಕಾಂಟ್ರ್ಯಾಕ್ಟ್. ಫೆಬ್ರವರಿಯಲ್ಲಿ ಯಾರು ಕೆಟ್ಟ ಸುದ್ದಿ ತರ್ತಾರೆ?

ಆದರೂ ದುಡ್ಡಿನ ಮೇಲೆ ಎಲ್ಲ ಹಾಕಿ ಕೂರೋಕಾಗಲ್ಲ. "ಪೈಪ್ ಎಷ್ಟು ಕಡೆ ಇಲ್ಲ?" ಅಂತ ಕೇಳೋಕೆ ಯಾವ ಬಜೆಟ್ ಬೇಕು? ಆ ಪ್ರಶ್ನೆ ಬಂದಿದ್ದರೆ ಅವಳು ಮಂಗಳವಾರವೇ ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತಿದ್ದಳು. ಬದಲಿಗೆ ಆಗಿದ್ದು ನೋಡಿ. ಪಕ್ಕದಲ್ಲಿ ಕೂತಿದ್ದ ಗುಡಿಬಂಡೆ ಕಡೆಯ ಹುಡುಗ ಸುಮ್ನೆ ತನ್ನ ಹಾಳೆ ತಿರುಗಿಸಿ 28ನ್ನು 38 ಮಾಡಿದ. ಯಾರೂ ಹೇಳಿಕೊಡಲಿಲ್ಲ. ಒಳ್ಳೆಯ ಹುಡುಗ, ಸೇರಿದ ಹೊಸದರಲ್ಲಿ ರಾತ್ರಿ ಹತ್ತಕ್ಕೂ ಫೋನ್ ಮಾಡಿ ನೀರಿನ ಟೆಸ್ಟ್ ಬಗ್ಗೆ ಕೇಳುತ್ತಿದ್ದ. ಈಗ ಗ್ರೂಪಿಗೆ ಫೋಟೋ ಹಾಕುತ್ತಾನೆ, ಕೊಡ ಹಿಡಿದು ನಗುವ ಹೆಂಗಸರದ್ದು. ಆಮೇಲೆ ನಾವೇ 'ಈಗಿನ ಹುಡುಗರಿಗೆ ಕಾಳಜಿ ಇಲ್ಲ' ಅಂತೀವಿ.

ಮುಂದಿನ ತಿಂಗಳು ಕಂಪನಿಯವರು ಬರುತ್ತಾರೆ. ಯಾವ ಊರು ತೋರಿಸೋದು ಅಂತ ಆಗಲೇ ತೀರ್ಮಾನ ಆಗಿದೆ, ಗುಡಿಬಂಡೆ ಕಡೆಯದ್ದು. ಅವಳಿಗೆ ಆ ದಿನ ಊಟದ ಜವಾಬ್ದಾರಿ.